ಕೊರಳಲ್ಲಿ ತೆರೆದ ಬಾಯಿ

ನಿನ್ನೆ ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಬೆನ್ನ ಹಿಂದೆ ಯಾರೋ ಬೀಡಿ ಹಚ್ಚಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ಇಷ್ಟು ವರ್ಷಗಳಾದರೂ...

ಬಾಜೂ ಮನೆಯ ಕಾಕಾ ಮಾರುಕಟ್ಟೆಯಲ್ಲಿ ಹತ್ತಿಯ ಹರಾಜು ಕೂಗುತ್ತಿದ್ದರು. ಅವರು ತಮ್ಮ ಮನೆಯಲ್ಲಿ ನೀರು ಕೇಳಿದರೆ ನಮ್ಮ ಮನೆಯಲ್ಲಿ ಯಾರಾದರೂ ತಂಬಿಗೆ ಎತ್ತಿಕೊಳ್ಳಬೇಕು, ಅಂಥ ದನಿ. ಆ ಗಂಟಲಿಗೇ ಕ್ಯಾನ್ಸರ್ ಬಂತು. ಬೆಳಗಾವಿಯಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದರು. ಉಸಿರಾಡಲು ಕೊರಳ ಬುಡದಲ್ಲಿ ಒಂದು ತೂತು ಮಾಡಿದರು. ಡಾಕ್ಟರು ಅದನ್ನು ಸ್ಟೋಮಾ ಎಂದರಂತೆ. ಇನ್ನು ಬೀಡಿ ಮುಟ್ಟಿದರೆ ಉಳಿಯುವುದು ಕಷ್ಟ ಎಂದೂ ಹೇಳಿದ್ದರು. ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮುಂಚೆ ಕಾಕಾ ತಮ್ಮ ಹೆಂಡತಿಯ, ಅಂದರೆ ನಮ್ಮ ಕಾಕುವಿನ, ಕೈ ಮುಟ್ಟಿ, “ಬೀಡಿ ಬಿಟ್ಟೆ” ಎಂದು ಆಣೆ ಮಾಡಿದ್ದರು. ಅವರ ಕೊನೆಯ ಮಾತು ಅದೇ.

ನಾನಾಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ರಜೆಗೆ ಬಂದಾಗ ಕಾಕು ಕೇಳಿದರು: “ಸ್ಟೋಮಾ ಅಂದ್ರ ಏನಪಾ? ಇಷ್ಟೆಲ್ಲಾ ಓದೀದಿ, ಹೇಳು ನೋಡೋಣು.” ನಿಘಂಟು ತೆಗೆದು ಓದಿ ಹೇಳಿದೆ. ಗ್ರೀಕ್ ಪದ, ‘ಬಾಯಿ’ ಎಂದರ್ಥ. ಕೊರಳಲ್ಲಾಗಲಿ ಹೊಟ್ಟೆಯಲ್ಲಾಗಲಿ ವೈದ್ಯರು ಹೊಸದಾಗಿ ತೆರೆಯುವ ದಾರಿಗೆ ಅದೇ ಹೆಸರು. ಕಾಕಾ ಸದ್ದಿಲ್ಲದೆ ನಕ್ಕರು, ಭುಜಗಳು ಕುಲುಕಿದವು. ಪಾಟಿಯ ಮೇಲೆ ಬಳಪದಿಂದ ಬರೆದರು: “ನಿಮ್ಮ ಕಾಕುಗ ಒಂದ ಬಾಯಿಗೇ ಸಾಕಾಗಿತ್ತು. ಈಗ ಎರಡಾದ್ವು!”

ಅದೇ ರಜೆಯಲ್ಲಿ ಒಂದು ಮಧ್ಯಾಹ್ನ ಮಜ್ಜಿಗೆ ಕೊಡಲು ಅವರ ಹಿತ್ತಲಿಗೆ ಹೋದೆ. ಕಾಕಾ ಗೋಡೆಗೆ ಒರಗಿ ಕುಳಿತಿದ್ದರು. ಬೀಡಿ ತುಟಿಯಲ್ಲಿರಲಿಲ್ಲ. ಕೊರಳಿನ ತೂತಿನಲ್ಲಿತ್ತು. ತುದಿ ಕೆಂಪಗೆ ಉರಿಯುತ್ತಿತ್ತು.

ತಂಬಿಗೆ ಕೈಜಾರಿ ಬಿತ್ತು.

ನನ್ನ ನೆನಪಿನಲ್ಲಿ ಹೊಗೆ ಅವರ ಬಾಯಿಂದ ಬರುತ್ತದೆ. ಅದು ಸುಳ್ಳು. ಅವರ ಉಸಿರಿಗೂ ಬಾಯಿಗೂ ಸಂಬಂಧವೇ ಕಡಿದಿತ್ತು. ಹೊಗೆ ಕೊರಳಿಂದಲೇ ಬಂದಿರಬೇಕು. ಕಂಡದ್ದನ್ನು ತಾಳಲಾರದೆ ಮನಸ್ಸು ತಿದ್ದಿಕೊಂಡಿತೇನೋ...

ಸದ್ದಿಗೆ ಕಾಕು ಓಡಿ ಬಂದರು.

“ಆಣಿ ಮಾಡಿದ್ದು ಆ ಬಾಯಿ, ಇದಲ್ಲ ಅಂತೀರೇನ್ರಿ?”

ಕಾಕಾ ತಲೆ ತಗ್ಗಿಸಿದರು. ಕಾಕು ಬೀಡಿ ಕಿತ್ತೆಸೆದು, ಸೆರಗಿನ ತುದಿಯಿಂದ ತೂತಿನ ಸುತ್ತಲಿನ ಬೂದಿ ಒರೆಸಿದರು. ಅದರ ಮೇಲೆ ಒಂದು ಮಾತೂ ಆಡಲಿಲ್ಲ. ಮುಂದಿನ ಯುಗಾದಿಗೆ ಕಾಕಾ ಇರಲಿಲ್ಲ.

ನಿನ್ನೆ ಬಸ್ಸು ಬಿಟ್ಟು ಕಾಕುವಿನ ಮನೆಗೆ ಹೋದೆ. ಅವತ್ತು ಯಾಕೆ ಅಷ್ಟಕ್ಕೇ ಬಿಟ್ಟಿರಿ, ಇನ್ನಷ್ಟು ಬೈದಿದ್ದರೆ ಬಿಡುತ್ತಿದ್ದರೇನೋ ಎಂದು ಕೇಳಿಯೇಬಿಟ್ಟೆ.

“ಬೈದ್ರ ತಿರುಗಿ ಬೈಯಾಕ ಅವರಿಗೆ ದನೀನ ಇರ್ಲಿಲ್ಲಲ್ಲಪಾ,” ಎಂದರು ಕಾಕು. “ನಾ ಒಬ್ಬಾಕಿನ ಎಷ್ಟಂತ ಬೈಲಿ?”