ಮೂಸಿ ನೋಡಿದ ಊರು

ನಮ್ಮ ಕೇರಿಯ ಅಡಿಗೆಭಟ್ಟರು ದೇವಸ್ಥಾನದ ನೈವೇದ್ಯ ಮಾಡುವವರು; ಆ ಮಡಿಗಾಗಿ ಹೊರಗಿನದೇನನ್ನೂ ತಿನ್ನುತ್ತಿರಲಿಲ್ಲ. ಆದರೆ ನಾನು ಕೊಪ್ಪದ ಅಂಗಡಿಯಿಂದ ಯಾವ ವಿದೇಶಿ ತಿನಿಸು ತಂದರೂ ಕರೆದು ಮೂಸುತ್ತಿದ್ದರು. ಕಣ್ಣು ಮುಚ್ಚಿ, “ತಡಿ ಮಾರಾಯ, ಊರು ಕಾಣ್ತಾ ಇದೆ” ಎನ್ನುತ್ತಿದ್ದರು.

ಒಮ್ಮೆ ಉಪ್ಪುನೀರಿನ ಆಲಿವ್ ಕಾಯಿಯ ಬಾಟಲಿ ತೆರೆದೆ.

“ನಮ್ಮ ಮಾವಿನಮಿಡಿ ಭರಣಿ ಹಾಗೇ ಇದೆಯಲ್ಲ! ಆದ್ರೆ ಇದು ಬಿಸಿಲಿನ ಊರು. ಮನೆ ಅಂಗಳದಿಂದ ಸಮುದ್ರ ಕಾಣ್ತದೆ.”

ನಾನು ನಕ್ಕೆ. ಅವರು ನಗಲಿಲ್ಲ.

ಕಳೆದ ವರ್ಷ ಕೈ ನಡುಗತೊಡಗಿ, ನೈವೇದ್ಯದ ಸೌಟನ್ನು ಮಗನಿಗೆ ಒಪ್ಪಿಸಿದರು. ಮರುದಿನ ಅಂಥದೇ ಬಾಟಲಿ ಹಿಡಿದು ಹೋದೆ. ಈ ಸಲ ಅವರು ಅಂಗೈ ಚಾಚಿದರು. ಕಾಯನ್ನು ಬಾಯಿಗಿಟ್ಟು, ಬಹಳ ಹೊತ್ತು ಕಣ್ಣು ಮುಚ್ಚಿ ಕೂತರು.

“ಊರು ಕಾಣ್ತಾ ಇದೆಯಾ ಭಟ್ಟರೇ?”

“ಅಂಗಳದಲ್ಲೇ ನಿಂತಿದೀನಿ, ಮಾರಾಯ.”