ಒಲೆಗೆ ಬಾಣಲೆ ಏರದ ವರ್ಷ

ಮಾವಳ್ಳಿಯ ಗಣಪಿಗೆ ಹೇಸಿಗೆ ಜಾಸ್ತಿ. ಇದು ಯಾರೋ ಅವಳ ಬೆನ್ನ ಹಿಂದೆ ಆಡಿಕೊಳ್ಳುವ ಮಾತಲ್ಲ, ಅವಳೇ ಎದೆ ತಟ್ಟಿ ಹೇಳಿಕೊಳ್ಳುವುದು. ಊಟಕ್ಕೆ ಕೂತಾಗ ಪಕ್ಕದ ಎಲೆಯವರು ಸೊರ್ರೆಂದರೆ ಅವಳ ಊಟ ಅಲ್ಲಿಗೆ ಮುಗಿಯಿತು. ಇಂಥವಳು ಹನ್ನೊಂದು ವರ್ಷದಿಂದ ಮುರ್ಡೇಶ್ವರದ ಒಂದು ಲಾಡ್ಜಿನಲ್ಲಿ ರೂಮು ಗುಡಿಸಿ, ಹಾಸಿಗೆ ಬಟ್ಟೆ ಬದಲಿಸುವ ಕೆಲಸ ಮಾಡುತ್ತಿದ್ದಾಳೆ ಎಂದರೆ ನಂಬುವುದು ಕಷ್ಟ. ಗಂಡ ಮಾಸ್ತಿ ತೀರಿಕೊಂಡ ಮೇಲೆ ಹಿಡಿದ ಕೆಲಸ ಅದು. ಹೇಗೆ ಒಗ್ಗಿತು ಎಂದು ಕೇಳಿದರೆ, ಕೈ ಕೊಳೆಯಾದರೆ ತೊಳೆಯಬಹುದು, ಹೊಟ್ಟೆಗೆ ಹೋದದ್ದನ್ನು ಯಾರು ತೊಳೆಯುತ್ತಾರೆ ಎನ್ನುತ್ತಾಳೆ.

ಪ್ರವಾಸಿಗಳು ರೂಮಿನಲ್ಲಿ ಏನೇನೋ ಬಿಟ್ಟು ಹೋಗುತ್ತಾರೆ. ಅರ್ಧ ತಿಂದ ಪೇಡೆಯ ಡಬ್ಬಿ, ಬಾಯಿ ಕಟ್ಟಿದ ಚಿಪ್ಸಿನ ಪ್ಯಾಕೆಟ್ಟು, ಒಮ್ಮೊಮ್ಮೆ ಬಿಚ್ಚದೇ ಇರುವ ಮೈಸೂರುಪಾಕು. ಜೊತೆಯ ಹೆಂಗಸರು ಅದನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ಮನೆಗೆ ಒಯ್ಯುತ್ತಿದ್ದರು. ಗಣಪಿ ಬಿಚ್ಚದ ಡಬ್ಬಿಯನ್ನೂ ಕಸದ ಬುಟ್ಟಿಗೆ ಎಸೆಯುತ್ತಿದ್ದಳು. ಇನ್ನೊಬ್ಬರಿಗೆ ಬೇಡವಾದದ್ದು ತನ್ನ ಮನೆಯ ಮಕ್ಕಳ ಬಾಯಿಗೆ ಹೋಗಬಾರದು, ತನ್ನ ಮಕ್ಕಳು ಯಾರೆದುರೂ ಕೈ ಚಾಚಬಾರದು. ಅವಳ ಬದುಕಿನಲ್ಲಿ ಜಂಬವೆಂದು ಇದ್ದದ್ದು ಇದೊಂದೇ. ಮಗ ಗುರುದತ್ತನನ್ನು ಹಾಗೆಯೇ ಬೆಳೆಸಿದ್ದಳು.

ಆ ಗುರುದತ್ತ ಹೋದ ವರ್ಷ ಶ್ರಾವಣದಲ್ಲಿ, ನಾಗರಪಂಚಮಿ ಕಳೆದ ಮೂರನೇ ದಿನ, ಹೆದ್ದಾರಿಯಲ್ಲಿ ಬೈಕಿಗೆ ಲಾರಿ ಬಡಿದು ಸತ್ತ. ಹೆಂಡತಿ ವಿನುತಾ, ಐದು ವರ್ಷದ ಮಗಳು ಅರ್ಚಿತಾ, ಇನ್ನೂ ಎರಡು ತುಂಬದ ಮಗ ನಿತೇಶ ಉಳಿದರು. ವಿನುತಾ ಹೊನ್ನಾವರದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗಲು ಶುರು ಮಾಡಿದಳು. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಗಣಪಿ ಮಧ್ಯಾಹ್ನ ಲಾಡ್ಜಿನಿಂದ ಬರುವವರೆಗೆ ಮಕ್ಕಳನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು.

ಹನ್ನೆರಡನೇ ದಿನದ ಊಟ ಮುಗಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಮಾಸ್ತಿಯ ಅಣ್ಣ ಈರಪ್ಪ ಜಗಲಿಯಲ್ಲಿ ಕೂತು ಕಟ್ಟಳೆ ಹೇಳಿದ. ವರ್ಷದ ಕಾರ್ಯ ಮುಗಿಯುವವರೆಗೆ ಈ ಮನೆಯಲ್ಲಿ ಹಬ್ಬವಿಲ್ಲ. ತೋರಣವಿಲ್ಲ, ಗೂಡುದೀಪವಿಲ್ಲ, ಕರಿಯಲು ಒಲೆಯ ಮೇಲೆ ಬಾಣಲೆ ಇಡುವಂತಿಲ್ಲ. ಮಕ್ಕಳಿಗೆ ಬೇಕಾದ್ದನ್ನು ಊರವರು, ನೆಂಟರು ತಂದುಕೊಡುತ್ತಾರೆ. ಅವನು ಪಾಲಾಗಿ ಬೇರೆ ಮನೆ ಮಾಡಿದವನು, ಅವನಿಗೆ ಸೂತಕ ಹನ್ನೆರಡಕ್ಕೇ ಕಳೆಯಿತು. ಗಣಪಿಗೆ ಕಟ್ಟಳೆ ಹೊಸದೇನಲ್ಲ, ಗಂಡ ಸತ್ತಾಗಲೂ ಪಾಲಿಸಿದ್ದಳು. ಆದರೆ ಆಗ ಮನೆಯಲ್ಲಿ ಸಣ್ಣ ಮಕ್ಕಳಿರಲಿಲ್ಲ.

ಮೊದಲು ಬಂದದ್ದು ಚೌತಿ. ಪಕ್ಕದ ಮನೆಯ ರೇಖಾ ಹಬ್ಬದ ಬೆಳಿಗ್ಗೆಯೇ ಬಿಸಿ ಪಂಚಕಜ್ಜಾಯ, ಚಕ್ಕುಲಿ ತಂದುಕೊಟ್ಟಳು. ಅದರ ಬಗ್ಗೆ ಗಣಪಿಯ ತಕರಾರಿಲ್ಲ. ಉಳಿದವರದ್ದು ಶುರುವಾದದ್ದು ಮೂರನೇ ದಿನದಿಂದ. ತಮ್ಮ ಮನೆಯಲ್ಲಿ ತಿಂದು, ನೆಂಟರಿಗೆ ಹಂಚಿ, ಇನ್ನು ಸಾಕು ಎನ್ನಿಸಿದ ಮೇಲೆ ಜನಕ್ಕೆ ಗುರುದತ್ತನ ಮಕ್ಕಳ ನೆನಪಾಯಿತು. ಸಾವಾದ ಮನೆಗೆ ಕೊಟ್ಟ ಪಾತ್ರೆಯನ್ನು ಹಿಂದಕ್ಕೆ ತರಲು ಅಳುಕು ಬೇರೆ. ಹಾಗಾಗಿ ಎಲ್ಲವೂ ಬಂದದ್ದು ಎಸೆಯಬೇಕೆಂದಿದ್ದ ಐಸ್‌ಕ್ರೀಮ್ ಡಬ್ಬಿಯಲ್ಲಿ, ಹೋಟೆಲಿನ ಪಾರ್ಸೆಲ್ ಡಬ್ಬಿಯಲ್ಲಿ. ಒಂದರ ಮುಚ್ಚಳಕ್ಕೆ ಹಿಂದಿನ ಕೋಳಿಸಾರಿನ ಹಳದಿ ಹಾಗೇ ಅಂಟಿತ್ತು. ಮೇಲೆ ಒಂದು ಇಡೀ ಚಕ್ಕುಲಿ, ಕೆಳಗೆಲ್ಲ ಚೂರು. ಉಂಡೆ ಮೂಸಿದರೆ ಕಮಟು. ರೂಮಿನಲ್ಲಿ ಇದ್ದುಹೋದವರು ಎಂಥವರು ಎಂದು ಚಾದರ ನೋಡಿ ಹೇಳುವ ಹೆಂಗಸು ಅವಳು, ಡಬ್ಬಿ ನೋಡಿ ಮನಸ್ಸು ಓದಲು ಎಷ್ಟು ಹೊತ್ತು ಬೇಕು? ಹನ್ನೊಂದು ಡಬ್ಬಿ ಸಾಲಾಗಿಟ್ಟುಕೊಂಡು ಕೂತವಳಿಗೆ ವಾಕರಿಕೆ ಬಂತು.

ಅದಕ್ಕಿಂತ ಹೆಚ್ಚು ವಾಕರಿಕೆ ಬಂದದ್ದು ಇನ್ನೊಂದು ನೆನಪಿಗೆ. ಕೆಲವು ವರ್ಷದ ಹಿಂದೆ ಕೇರಿಯ ತುದಿಯ ಲಕ್ಕಿಯ ಮನೆಯಲ್ಲಿ ಸಾವಾದಾಗ, ಚೌತಿಗೆ ಇವಳೂ ಕಳಿಸಿದ್ದಳು. ಇಡೀ ಚಕ್ಕುಲಿಗಳನ್ನು ತನ್ನ ಡಬ್ಬಕ್ಕೆ ಜೋಡಿಸಿಟ್ಟು, ಮುರಿದದ್ದನ್ನು ಆರಿಸಿ ಆರಿಸಿ ಲಕ್ಕಿಗೆ ಹಾಕಿದ್ದು ಇದೇ ಕೈ. ಆಗ ಅದು ಹೇಸಿಗೆ ಎನ್ನಿಸಿರಲೇ ಇಲ್ಲ, ಧರ್ಮ ಮಾಡಿದ ಹಾಗೆ ಮನಸ್ಸು ಹಗುರಾಗಿತ್ತು.

ಅವಳು ಹತ್ತು ಡಬ್ಬಿಯನ್ನೂ ತೆಂಗಿನ ಬುಡಕ್ಕೆ ಸುರಿದಳು. ರೇಖಾಳದ್ದೊಂದನ್ನು ಇಟ್ಟುಕೊಂಡಳು. ಅಂಗನವಾಡಿಯಿಂದ ಬಂದ ಅರ್ಚಿತಾ ತೆಂಗಿನ ಬುಡದಲ್ಲಿ ಕಾಗೆಗಳು ಉಂಡೆ ತಿನ್ನುವುದನ್ನು ನೋಡಿ ನೆಲಕ್ಕೆ ಬಿದ್ದು ಹೊರಳಾಡಿ ಅತ್ತಳು. ನಿತೇಶ ಅಕ್ಕ ಅತ್ತದ್ದಕ್ಕೆ ಅತ್ತ. ಸಂಜೆ ವಿನುತಾ ಬಂದು, ಚಪ್ಪಲಿ ಬಿಡುತ್ತಲೇ ವಿಷಯ ಕೇಳಿ, ಜಗಳವಾಡುವ ತ್ರಾಣವೂ ಇಲ್ಲದೆ ಹೇಳಿದಳು:

"ಅತ್ತೆ, ಮಕ್ಕಳಿಗೆ ಎಂತ ಗೊತ್ತಾತದೆ? ಸಿಹಿ ಇದ್ರೆ ಆತು. ಹಬ್ಬ ಅಂದ್ಕಂಡು ತಿನ್ಲಿ ಬಿಡಿ."

ಗಣಪಿ ಬಿಟ್ಟಳು. ಅಪ್ಪನಿಲ್ಲದ ಮಕ್ಕಳಿಗೆ ಹಬ್ಬವನ್ನೂ ಇಲ್ಲವಾಗಿಸಲು ಮನಸ್ಸು ಬರಲಿಲ್ಲ. ದಸರೆಗೆ ಬಂದ ಡಬ್ಬಿಗಳನ್ನು ಮೂಸಿ, ತೀರಾ ಕೆಟ್ಟದ್ದನ್ನಷ್ಟೇ ಎಸೆದು, ಉಳಿದದ್ದನ್ನು ಮುಖ ಆಚೆ ತಿರುಗಿಸಿಕೊಂಡು ಮಕ್ಕಳ ಕೈಗೆ ಕೊಟ್ಟಳು. ಮಕ್ಕಳು ತಿಂದವು. ಸಂತೋಷವಾಗಿಯೇ ತಿಂದವು. ಯಾರ ಮನೆಯ ಉಂಡೆಯಲ್ಲಿ ದ್ರಾಕ್ಷಿ ಇರುತ್ತದೆ, ಯಾರು ಬರೀ ಅವಲಕ್ಕಿ ಕೊಟ್ಟು ಸಾಗಹಾಕುತ್ತಾರೆ ಎಂಬುದು ಅರ್ಚಿತಾಳಿಗೆ ಬಾಯಿಪಾಠವಾಯಿತು.

ದೀಪಾವಳಿಯ ಬೆಳಿಗ್ಗೆ ಗಣಪಿ ಒಂದು ಕಳ್ಳತನ ಮಾಡಿದಳು. ಬೇಲಿಯಲ್ಲಿ ಬೆಳೆದಿದ್ದ ಎರಡು ಹಿಂಡ್ಲೆಕಾಯಿ ಕಿತ್ತು ತಂದು, ಬಚ್ಚಲಿನ ಹಿಂದೆ ಇಟ್ಟು, ಪ್ರತಿ ದೀಪಾವಳಿಯ ಪದ್ಧತಿಯಂತೆ ಸ್ನಾನಕ್ಕೆ ಮೊದಲು ಮಕ್ಕಳಿಂದ ಎಡಗಾಲಿನಲ್ಲಿ ಮೆಟ್ಟಿಸಿದಳು. ಕಹಿಕಾಯಿ ಪಚ್ಚೆಂದು ಒಡೆದು ಬೀಜ ಹಾರಿದಾಗ ನಿತೇಶ ನಕ್ಕ ನಗು ಆ ಮನೆಯಲ್ಲಿ ಮೂರು ತಿಂಗಳಲ್ಲಿ ಮೊದಲನೆಯದು. ವರ್ಷವಿಡೀ ಅವಳೇ ಮಾಡಿಸಿದ ಹಬ್ಬ ಅದೊಂದೇ. ಹಗಲು ಈರಪ್ಪನ ಹೆಂಡತಿ ನಾಗಮ್ಮ ಬಂದು ಒಡೆದ ಕಾಯಿ ನೋಡಿದಳು. ಕೇರಿಗೆಲ್ಲ ಗೊತ್ತಾಗಲು ಮಧ್ಯಾಹ್ನದವರೆಗೂ ಬೇಕಾಗಲಿಲ್ಲ.

ಅದಾದ ಎರಡು ದಿನಕ್ಕೆ, ಲಾಡ್ಜಿನಿಂದ ಮಧ್ಯಾಹ್ನ ಬರುವಾಗ, ಕೇರಿಯ ಮೂಲೆಯ ನಾಗಭೂಷಣನ ಮನೆಯ ಮೆಟ್ಟಿಲ ಬಳಿ ತನ್ನ ಮೊಮ್ಮಕ್ಕಳನ್ನು ಗಣಪಿ ಕಂಡಳು. ಅಂಗಡಿಯಿಟ್ಟುಕೊಂಡು ಅನುಕೂಲವಾಗಿರುವ ಮನೆ ಅದು. ಅರ್ಚಿತಾ ಒಂದು ಕೈಯಲ್ಲಿ ತಮ್ಮನನ್ನು ಹಿಡಿದಿದ್ದಳು, ಇನ್ನೊಂದರಲ್ಲಿ ಖಾಲಿ ಐಸ್‌ಕ್ರೀಮ್ ಡಬ್ಬಿ. ಅಂಗನವಾಡಿಯ ಪದ್ಯ ಒಪ್ಪಿಸುವ ರಾಗದಲ್ಲೇ ಹೇಳುತ್ತಿದ್ದಳು:

"ನಮ್ಮಪ್ಪ ತೀರ್ಕಂಡ. ನಮ್ಮನೇಲಿ ಬಾಣಲೆ ಇಡೂದಿಲ್ಲ."

ಒಳಗಿನಿಂದ ಬಂದ ಹೆಂಗಸು ಅಯ್ಯೋ ಪಾಪ ಎಂದು ಡಬ್ಬಿ ತುಂಬಿಸಿ, ಎರಡು ಮಕ್ಕಳ ತಲೆಯನ್ನೂ ಸವರಿದಳು. ನಿತೇಶನ ಬಾಯಿಗೆ ಒಂದು ಕರ್ಜಿಕಾಯಿ ತುರುಕಿದಳು. ಆ ಸವರುವ ಕೈಯನ್ನು ನೋಡಿ ಗಣಪಿಗೆ ಮೈಯೆಲ್ಲ ಉರಿದುಹೋಯಿತು. ಮಕ್ಕಳನ್ನು ದರದರನೆ ಎಳೆದುಕೊಂಡು ಮನೆಗೆ ಬಂದಳು. ಡಬ್ಬಿ ದಾರಿಯಲ್ಲೇ ಚರಂಡಿಗೆ ಹೋಯಿತು. ಹೊಡೆಯಲೆಂದು ಎತ್ತಿದ ಕೈ ಎತ್ತಿದ್ದೇ ಆಯಿತು, ಯಾಕೆಂದರೆ ಹುಡುಗಿ ಹೆದರದೆ, ನಿಜವಾಗಿಯೂ ತಿಳಿಯಬೇಕೆಂಬ ಹಾಗೆ ಕೇಳಿದಳು:

"ಸುಳ್ಳು ಹೇಳಲಿಲ್ಲ ಅಲ್ದಾ ಅಜ್ಜಿ?"

ಸುಳ್ಳಲ್ಲ. ಅಪ್ಪ ತೀರಿಕೊಂಡದ್ದು ನಿಜ, ಬಾಣಲೆ ಇಡದಿರುವುದೂ ನಿಜ. ಇನ್ನು ಮೇಲೆ ಯಾರ ಮನೆಯ ಬಾಗಿಲಿಗೂ ಹೋಗಕೂಡದು ಎಂದು ಆಣೆ ಹಾಕಿಸಿದಳು. ಅರ್ಚಿತಾ ತಲೆಯಾಡಿಸಿದಳು. ಐದು ವರ್ಷದ ಮಗುವಿನ ಆಣೆ ಅಜ್ಜಿ ಲಾಡ್ಜಿಗೆ ಹೊರಡುವವರೆಗೆ ಎಂದು ಗಣಪಿಗೂ ಗೊತ್ತಿತ್ತು.

ಅಂದೇ ಅವಳು ಈರಪ್ಪನ ಮನೆಗೆ ಹೋದಳು. ಅವನು ಜಗಲಿಯಲ್ಲಿ ಕಾಲು ಚಾಚಿಕೊಂಡು ಚಕ್ಕುಲಿ ಮುರಿದು ಚಹಾಕ್ಕೆ ಅದ್ದಿ ತಿನ್ನುತ್ತಿದ್ದ. ಗಡ್ಡದಲ್ಲೆಲ್ಲ ಪುಡಿ. ಗಣಪಿ ದೂರದಲ್ಲೇ ನಿಂತು ಕೇಳಿದಳು. ತೋರಣ ಬೇಡ, ದೀಪ ಬೇಡ, ದೇವರಿಗೆ ನೈವೇದ್ಯವೂ ಬೇಡ. ಹಬ್ಬದ ದಿನ ಬಾಗಿಲು ಹಾಕಿಕೊಂಡು ಮಕ್ಕಳಿಬ್ಬರಿಗೆ ಆಗುವಷ್ಟು ಒಂದು ಹಿಡಿ ಕರಿದುಕೊಡುತ್ತೇನೆ. ಮಕ್ಕಳು ಕಂಡವರ ಮನೆಯ ಮೆಟ್ಟಿಲು ಹತ್ತುತ್ತಿವೆ, ಅಭ್ಯಾಸವಾದರೆ ಬಿಡಿಸುವುದು ಕಷ್ಟ.

ಈರಪ್ಪ ಸಾವಕಾಶವಾಗಿ ಅಗಿದು ನುಂಗಿದ.

"ಊರವ್ರು ಕೊಡ್ತಾರೆ, ಮಕ್ಳು ತಿಂತಾವೆ. ಅದ್ರಲ್ಲಿ ಎಂತ ತಪ್ಪು? ಹಿಂಡ್ಲೆಕಾಯಿ ವಿಷ್ಯ ನಾನು ಕೇಳೂಕೆ ಹೋಗ್ಲಿಲ್ಲ. ಆದ್ರೆ ಗುರುದತ್ತ ಮೇಲೆ ಹೋಗೂ ದಾರೀಲಿ ಎಣ್ಣೆ ಹೊಗೆ ಹಾಕೂದು ಬ್ಯಾಡ. ಮತ್ತೆ ನಿನ್ನಿಷ್ಟ."

ಆ 'ನಿನ್ನಿಷ್ಟ'ದಲ್ಲಿ ಇಷ್ಟವೇನೂ ಇರಲಿಲ್ಲ. ಇಡೀ ಊರು ಏನೆಂದರೂ ಗಣಪಿ ತಡೆದುಕೊಳ್ಳುತ್ತಿದ್ದಳು. ಆದರೆ ಸತ್ತ ಮಗನ ದಾರಿ ಎಂದ ಮೇಲೆ ಯಾವ ತಾಯಿ ಬಾಣಲೆಗೆ ಕೈ ಹಾಕುತ್ತಾಳೆ? ಅವಳು ಹಿಂದೆ ಬಂದಳು. ಗಡ್ಡದಲ್ಲಿ ಪುಡಿ ಉದುರಿಸಿಕೊಂಡು ಪರಲೋಕದ ಮಾತಾಡುವ ಈರಪ್ಪನ ಮೇಲೆ ಹೇಸಿಗೆಯಾಯಿತು, ಅದನ್ನು ಕೇಳಿ ಹೆದರಿದ ತನ್ನ ಮೇಲೆ ಅದಕ್ಕಿಂತ ಹೆಚ್ಚು.

ತುಳಸಿ ಹಬ್ಬಕ್ಕೆ ಅವಲಕ್ಕಿ ಬಂತು. ಶಿವರಾತ್ರಿಗೆ ಮುರ್ಡೇಶ್ವರ ಜನರಿಂದ ತುಂಬಿ ತುಳುಕಿ, ಗಣಪಿಗೆ ಲಾಡ್ಜಿನಲ್ಲಿ ಮೂರು ದಿನ ತಲೆ ಎತ್ತಲು ಬಿಡುವಿರಲಿಲ್ಲ. ಮನೆಗೆ ಬಂದಾಗ ಅಡುಗೆಮನೆಯಲ್ಲಿ ಅವಳು ಕಾಣದ ನಾಲ್ಕು ಡಬ್ಬಿಗಳಿದ್ದವು. ಯಾರು ತಂದರು ಎಂದು ಕೇಳಿದರೆ ಅರ್ಚಿತಾ ಗೋಡೆ ನೋಡಿದಳು. ಗಣಪಿ ಮತ್ತೆ ಕೇಳಲಿಲ್ಲ. ಹೋಳಿ ಬಂತು, ಯುಗಾದಿ ಬಂತು. ಜನ ಮಾತ್ರ ದಣಿಯಲೇ ಇಲ್ಲ. ಕನಿಕರ ತೋರಿಸುವುದಕ್ಕೆ ಖರ್ಚಿಲ್ಲ, ಡಬ್ಬಿ ಹೇಗೂ ಎಸೆಯುವುದೇ. ಕುಮಟೆಯಿಂದ ಬಂದ ವಿನುತಾಳ ತವರಿನವರೂ ಮದುವೆ ಮನೆಯಲ್ಲಿ ಉಳಿದ ಬೂಂದಿ ಲಾಡು ತಂದರು, ಮೇಲೆ ಬಿಳಿ ಬೂಷ್ಟು ಹಿಡಿಯಲು ಒಂದೇ ದಿನ ಬಾಕಿ. ಮಕ್ಕಳಿಗೆ ಆ ವರ್ಷ ಹಬ್ಬ ಎಂದರೆ ಬೆಳಿಗ್ಗೆ ಎದ್ದು ಗೇಟಿನ ಹತ್ತಿರ ಕೂರುವುದು. ನಿತೇಶ ಆ ವರ್ಷವೇ ಮಾತು ಕಲಿತ, ಎಲ್ಲವನ್ನೂ ಅಕ್ಕನ ಬಾಯಿಂದ.

ಮತ್ತೆ ಶ್ರಾವಣ ಬಂತು. ಗುರುದತ್ತನ ವರ್ಷದ ಕಾರ್ಯ ಮುಗಿಯಿತು. ಈರಪ್ಪ ಮೂರು ಸಲ ಪಾಯಸ ಹಾಕಿಸಿಕೊಂಡು, ಇನ್ನು ಎಲ್ಲವನ್ನೂ ಮಾಡಬಹುದು ಎಂದು ಅಪ್ಪಣೆ ಕೊಟ್ಟ. ಗಣಪಿ ಅವನ ಮುಖ ನೋಡದೆ ಕೈಗೆ ನೀರು ಕೊಟ್ಟಳು.

ಚೌತಿಗೆ ಅವಳು ಲಾಡ್ಜಿಗೆ ಎರಡು ದಿನ ರಜೆ ಹಾಕಿದಳು. ಅಕ್ಕಿ ತೊಳೆದು ನೆರಳಲ್ಲಿ ಒಣಗಿಸಿ, ಉದ್ದು ಹುರಿದು, ಗಿರಣಿಯಲ್ಲಿ ತಾನೇ ಎದುರು ನಿಂತು ಹಿಟ್ಟು ಮಾಡಿಸಿ ತಂದಳು. ಬಾಗಿಲಿಗೆ ತೋರಣ ಕಟ್ಟಿದಳು. ವಿನುತಾಳೂ ಅಂಗಡಿಗೆ ಹೋಗದೆ ಉಳಿದು, ಚಕ್ಕುಲಿ ಒತ್ತುವ ಒರಳಿಗೆ ಹಿಟ್ಟು ತುಂಬಿಕೊಡಲು ಕೂತಳು. ಒಂದು ವರ್ಷ ಅಟ್ಟದ ಮೇಲೆ ಬೋರಲಾಗಿ ಬಿದ್ದಿದ್ದ ಬಾಣಲೆಯನ್ನು ಗಣಪಿ ಹುಣಸೆಹಣ್ಣು ಹಾಕಿ ಮೂರು ಸಲ ಉಜ್ಜಿದಳು. ಎಣ್ಣೆ ಕಾದು ಮೊದಲ ಚಕ್ಕುಲಿ ಒಳಗಿಳಿದಾಗ ಎದ್ದ ಸದ್ದು, ಘಮ ಇಡೀ ಮನೆ ತುಂಬಿತು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ, ಇಬ್ಬರಿಗೂ ಕಣ್ಣು ತುಂಬಿತ್ತು. ಗಣಪಿಗೆ ಒಂದು ವರ್ಷದ ಕಮಟು ಮೂಗಿನಿಂದ ಹೋದಂತಾಯಿತು. ಇವತ್ತಿಗೆ ಆ ಡಬ್ಬಿಗಳ ಕಥೆ ಮುಗಿಯಿತು ಎಂದುಕೊಂಡಳು. ನನ್ನ ಮೊಮ್ಮಕ್ಕಳು ನನ್ನ ಒಲೆಯದ್ದು ತಿನ್ನುತ್ತಾರೆ, ಇಡೀ ಚಕ್ಕುಲಿ ತಿನ್ನುತ್ತಾರೆ.

ಮಕ್ಕಳು ಬೆಳಿಗ್ಗೆಯಿಂದ ಗೇಟಿನ ಹತ್ತಿರವೇ ಇದ್ದವು. ಕರೆದರೂ ಬರಲಿಲ್ಲ. ವರ್ಷ ಕಳೆದ ಮನೆಗೆ ಯಾರೂ ತಂದುಕೊಡುವ ಪದ್ಧತಿಯಿಲ್ಲ, ಹಾಗಾಗಿ ಯಾರೂ ಬರಲೂ ಇಲ್ಲ. ಕಾದು ಸಾಕಾಗಿ ಅರ್ಚಿತಾ ಒಳಗೆ ಬಂದು, ಈ ಸಲ ಹಬ್ಬ ಇಲ್ಲವಾ ಎಂದು ಮುಖ ಊದಿಸಿಕೊಂಡು ಅಮ್ಮನ ಬೆನ್ನಿಗೆ ಒರಗಿದಳು. ಗಣಪಿ ನಗುತ್ತಲೇ ಆರಿದ ಚಕ್ಕುಲಿಗಳನ್ನು ಸ್ಟೀಲಿನ ತಟ್ಟೆಗೆ ಜೋಡಿಸಿ, ಹಬ್ಬ ಇಲ್ಲೇ ಇದೆ, ನಮ್ಮ ಮನೆಯದ್ದೇ, ಬನ್ನಿ ಎಂದು ನಿತೇಶನನ್ನು ಕೂಗಿದಳು.

ನಿತೇಶ ಬಂದ. ತಟ್ಟೆ ನೋಡಿ ಅವನ ಕಣ್ಣು ಅಗಲವಾಯಿತು. ಆದರೆ ತಟ್ಟೆಗೆ ಕೈ ಹಾಕಲಿಲ್ಲ. ಅಡುಗೆಮನೆಯ ಹೊಸ್ತಿಲ ಆಚೆಗೇ ನಿಂತು, ಎರಡೂ ಅಂಗೈಗಳನ್ನು ಜೋಡಿಸಿ ಮುಂದೆ ಚಾಚಿ, ತಲೆಯನ್ನು ಸ್ವಲ್ಪ ವಾಲಿಸಿ, ತನ್ನ ಅಜ್ಜಿಗೆ ಹೇಳಿದ:

"ನಮ್ಮಪ್ಪ ತೀರ್ಕಂಡ."

ಗಣಪಿಯ ಕೈಯಲ್ಲಿದ್ದ ಜಾಲರಿ ಸೌಟು ಹಾಗೇ ನಿಂತಿತು. ವಿನುತಾ ಒರಳು ಕೆಳಗಿಟ್ಟು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಾಣಲೆಯಲ್ಲಿ ಚಕ್ಕುಲಿ ಕಪ್ಪಾಗತೊಡಗಿತು, ಯಾರೂ ತೆಗೆಯಲಿಲ್ಲ. ಅಜ್ಜಿಗೆ ಕೇಳಿಸಲಿಲ್ಲವೆಂದುಕೊಂಡು ನಿತೇಶ ಕೈಗಳನ್ನು ಇನ್ನೂ ಸ್ವಲ್ಪ ಮುಂದೆ ಚಾಚಿ, ಇನ್ನೊಂದು ಸಲ, ಜೋರಾಗಿ ಹೇಳಿದ.