ತಾಯಿ ಸೇರಿದ ಮದರಸಾ

ಮದುವೆಮನೆಯ ಹಂಡೆಯಂಥ ಪಾತ್ರೆಯಲ್ಲಿ ಇಬ್ಬರಿಗಾಗುವಷ್ಟು ಬೇಳೆಸಾರು ಕುದಿಯುವುದನ್ನು ನೀವು ಎಂದಾದರೂ ನೋಡಿದ್ದೀರಾ? ಹೊಳಲ್ಕೆರೆಯಲ್ಲಿ ನಾನು ನಡೆಸುವ ಹೆಣ್ಣುಮಕ್ಕಳ ವಸತಿ ಮದರಸಾದಲ್ಲಿ, ಲಾಕ್‌ಡೌನಿನ ಮೊದಲ ವಾರ, ಅಡುಗೆಯ ಜುಬೇದಕ್ಕ ಅದನ್ನೇ ಕುದಿಸಿದರು. ಮಕ್ಕಳೆಲ್ಲ ಊರಿಗೆ ಹೋಗಿದ್ದರು, ಉಳಿದವರು ನಾವಿಬ್ಬರೇ. ಆದರೆ ಅವರ ಕೈ ಸಣ್ಣ ಪಾತ್ರೆಯನ್ನು ಮರೆತಿತ್ತು.

ಆಮೇಲೆ ಪಾಠ ಫೋನಿಗೆ ಬಂತು. ಮಕ್ಕಳು ಒಬ್ಬೊಬ್ಬರಾಗಿ ಕುರ್‌ಆನ್ ಓದಿ ಒಪ್ಪಿಸುತ್ತಿದ್ದರು, ನಾನು ತಿದ್ದುತ್ತಿದ್ದೆ. ಚಿಕ್ಕಜಾಜೂರಿನ ಸಲೀಮಾಳ ದನಿಯ ಹಿಂದೆ ಹತ್ತಿ ಹಿಂಜುವ ಸದ್ದು ಇರುತ್ತಿತ್ತು. ಅವರು ನದಾಫರು, ಹಾಸಿಗೆ ತುಂಬುವ ಕಸುಬು, ಮನೆಮಾತು ಕನ್ನಡ. ಅವಳು ಓದತೊಡಗಿದ ಸ್ವಲ್ಪ ಹೊತ್ತಿಗೆ ಆ ಸದ್ದು ನಿಂತುಬಿಡುತ್ತಿತ್ತು. ಏಕೆಂದು ನಾನು ಕೇಳಲಿಲ್ಲ.

ಮದರಸಾ ಮತ್ತೆ ತೆರೆದಾಗ ಬಂದವರು ಬೆರಳೆಣಿಕೆಯಷ್ಟು ಮಕ್ಕಳು. ಇಷ್ಟು ಜನಕ್ಕಾಗಿ ನಡೆಸುವುದೇಕೆ, ಮುಚ್ಚೋಣ ಎಂದು ಕಮಿಟಿಯ ಹಿರಿಯರು ಹೇಳತೊಡಗಿದರು. ಮಕ್ಕಳನ್ನು ಮರಳಿ ಕರೆತರಲು ನಾನು ಮನೆಮನೆಗೆ ಹೊರಟೆ. ಚಿಕ್ಕಜಾಜೂರಿನಲ್ಲಿ ಸಲೀಮಾ ತಾನು ಊರಿನ ಸರ್ಕಾರಿ ಶಾಲೆಗೆ ಸೇರಿರುವುದನ್ನೂ, ಇನ್ನು ಮನೆ ಬಿಟ್ಟು ಇರಲಾರೆನೆಂಬುದನ್ನೂ ನಯವಾಗಿಯೇ ಹೇಳಿದಳು. ಚಹಾ ಮುಗಿಸಿ ಏಳುವಾಗ ಅವಳ ತಾಯಿ ಹುಸೇನಮ್ಮ ಸೆರಗಿನ ಹತ್ತಿ ಕೊಡವಿಕೊಂಡು ನಿಂತರು.

"ನಾನು ಬರ್ಲೇನ್ರಿ ಆಪಾ? ಇವಳು ಓದಾದು ಕೇಳ್ತಾ ಕೇಳ್ತಾ ನಂಗೂ ಒಂದೀಟು ಬಾಯಿಗೆ ಬಂದೈತೆ."

ಅವರು ಕಣ್ಣು ಮುಚ್ಚಿ ಓದಿದರು. ಒಂದು ಅಕ್ಷರದಲ್ಲಿ ತಡವರಿಸಿದಾಗ ನಾನು ಬಾಯಿ ತೆರೆಯುವ ಮೊದಲೇ ಮಗಳು ತಿದ್ದಿದಳು. ತಾಯಿ ತಲೆಯಾಡಿಸಿ ಮುಂದೆ ಓದಿದರು.

ತಾಯಂದಿರನ್ನೂ ಸೇರಿಸಿಕೊಳ್ಳಲು ಕಮಿಟಿಯವರು ಒಪ್ಪುವುದಕ್ಕೆ ಒಂದು ತಿಂಗಳು ಹಿಡಿಯಿತು. ಈಗ ಹುಸೇನಮ್ಮನಂಥ ಹಲವು ಹೆಂಗಸರು ಬೆಳಿಗ್ಗೆ ಬಂದು, ಸಂಜೆ ಒಲೆ ಹಚ್ಚುವ ಹೊತ್ತಿಗೆ ಮನೆ ಸೇರುತ್ತಾರೆ. ಉಳಿದ ಕೆಲವು ಮಕ್ಕಳೂ ಈಗ ಮನೆಯಿಂದಲೇ ಬಂದು ಹೋಗುವುದರಿಂದ, ಕೋಣೆಗಳಲ್ಲಿ ಹಾಸಿಗೆಗಳು ಸುತ್ತಿಟ್ಟಂತೆಯೇ ಇರುತ್ತವೆ. ವಸತಿ ಎಂಬ ಪದ ಬೋರ್ಡಿನಲ್ಲಿ ಇನ್ನೇಕೆ ಎಂದು ನಾನೂ ಯೋಚಿಸಿದ್ದುಂಟು.

ಒಂದು ಸಂಜೆ ಎಲ್ಲರೂ ಹೊರಟ ಮೇಲೆ ಹುಸೇನಮ್ಮ ಹೊಸಿಲಲ್ಲೇ ಉಳಿದರು.

"ಇವತ್ತೊಂದಿನ ಇಲ್ಲೇ ಇರ್ಲೇನ್ರಿ? ಇನ್ನೊಬ್ರು ಮಾಡಿದ್ದು ಉಂಡು ಮಲಗಿದ್ದು ಲಗ್ನಕ್ಕೆ ಮುಂಚೆ, ಆಮ್ಯಾಕೆ ಇಲ್ಲ."

ಹಾಸಿಗೆ ಬಿಡಿಸಿಕೊಟ್ಟೆ. ಬೆಳಗಿನ ನಮಾಜಿಗೆ ಎಬ್ಬಿಸಲು ಹೋದವಳು, ಅವರು ಮಗುವಿನಂತೆ ಕೈಕಾಲು ಚೆಲ್ಲಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದುದನ್ನು ನೋಡಿ, ಎಬ್ಬಿಸಲು ಮನಸ್ಸಾಗದೆ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತೆ.